ಬಿಟ್ಟು ಬರಲಿ ಸರಿ, ಎಲ್ಲಿಗೆ ಬರಲಿ?

“ಅಷ್ಟೊಂದು ಹೊಡೀತಾನೆ ಅಂದ್ರೆ ಬಿಟ್ಟು ಬರೋಕೆ ಏನಾಗಿದೆ ಅವಳಿಗೆ? ಇವಳದ್ದೂ ಏನೋ ಇರಬೇಕು ಬಿಡ್ರಿ.”

ಈ ಮಾತನ್ನು ನೀವು ಕೇಳಿಯೇ ಇರುತ್ತೀರಿ, ಕೆಲವರು ಆಡಿಯೂ ಇರುತ್ತೀರಿ. ದಾವಣಗೆರೆಯ ನಮ್ಮ ದೇವರಾಜ ಅರಸು ಬಡಾವಣೆಯಲ್ಲಿ ಇದು ಕೇಳಿಬರದ ಜಾಗ ಇಲ್ಲ. ಬೆಳಗಿನ ವಾಕಿಂಗಿನಲ್ಲಿ, ತರಕಾರಿ ಗಾಡಿ ಸುತ್ತ ನಿಂತಾಗ, ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುವಾಗ, ಯಾರದೋ ಮನೆಯ ವಿಷಯ ಬಂತೆಂದರೆ ಕಡೆಗೆ ಬಂದು ನಿಲ್ಲುವುದು ಇಲ್ಲಿಗೇ. ಆಡುವವರು ಕೆಟ್ಟವರೇನಲ್ಲ. ಅವರಲ್ಲಿ ಟೀಚರ್ ಇದ್ದಾರೆ, ಬ್ಯಾಂಕಿನವರಿದ್ದಾರೆ, ತಾವೇ ಒಂದು ಕಾಲದಲ್ಲಿ ಏಟು ತಿಂದವರೂ ಇದ್ದಾರೆ. ಅದಕ್ಕೇ ಈ ಮಾತಿಗೆ ಉತ್ತರ ಕೊಡಬೇಕು ಅನ್ನಿಸಿದ್ದು.

ಮೊದಲು ಪ್ರಶ್ನೆಯನ್ನೇ ನೋಡೋಣ. ಹೊಡೆಯುವವನು ಒಬ್ಬ, ಏಟು ತಿನ್ನುವವಳು ಒಬ್ಬಳು. ನಾವು ಕೇಳೋದು ಯಾರನ್ನ? ತಿನ್ನುವವಳನ್ನ. “ಅವನ್ಯಾಕೆ ಹೊಡೀತಾನೆ? ಆಫೀಸಿನಲ್ಲಿ ಸಾಹೇಬರ ಮೇಲೆ ಏಳದ ಕೈ ಮನೆಗೆ ಬಂದ ಮೇಲೆ ಹೆಂಗೆ ಏಳುತ್ತೆ? ಅವನಿಗೆ ಹೇಳೋರು ಕೇಳೋರು ಯಾರೂ ಇಲ್ವಾ?” ಅಂತ ಯಾವ ತರಕಾರಿ ಗಾಡಿಯ ಮುಂದೆಯೂ ಯಾರೂ ಕೇಳಿದ್ದಿಲ್ಲ. ಕಳ್ಳ ನುಗ್ಗಿದ ಮನೆಯವರನ್ನು ಹಿಡಿದು ‘ನೀವ್ಯಾಕೆ ಮನೆ ಖಾಲಿ ಮಾಡಲಿಲ್ಲ’ ಅಂತ ಜೋರು ಮಾಡಿದ ಹಾಗಾಯ್ತು ಇದು.

ಇನ್ನೊಂದು, ಈ ಪ್ರಶ್ನೆಯೊಳಗೆ ಒಂದು ನಂಬಿಕೆ ಕೂತಿದೆ. ಹೊರಗೆ ಅವಳಿಗೋಸ್ಕರ ಒಂದು ಬಾಗಿಲು ತೆರೆದಿದೆ, ಇವಳೇ ಹೋಗುತ್ತಿಲ್ಲ ಅನ್ನೋ ನಂಬಿಕೆ. ನಾನು ಹೇಳಬೇಕಾಗಿರೋದು ಇಷ್ಟೇ: ಆ ಬಾಗಿಲು ತೆರೆದಿಲ್ಲ. ಅದನ್ನು ಮುಚ್ಚಿದವರು ನಾವೇ, ಒಬ್ಬೊಬ್ಬರಾಗಿ. ಮುಚ್ಚಿ, ಚಿಲಕ ಹಾಕಿ, ಆಮೇಲೆ ಒಳಗಿದ್ದವಳನ್ನ ‘ಯಾಕೆ ಬರಲಿಲ್ಲ’ ಅಂತ ಕೇಳ್ತೀವಿ.

ಇದು ಎಲ್ಲೋ ಒಂದು ಕುಡುಕನ ಮನೆಯ ಕತೆ ಅಂದುಕೊಳ್ಳಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ, 18ರಿಂದ 49 ವರ್ಷದೊಳಗಿನ ಹೆಣ್ಣುಮಕ್ಕಳಲ್ಲಿ ಶೇ. 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ಅದರ ಹಿಂದಿನ ಸಮೀಕ್ಷೆಯಲ್ಲಿ, ಅಂದರೆ 2015-16ರಲ್ಲಿ, ಈ ಅಂಕಿ ಶೇ. 20.6 ಇತ್ತು. ಇಡೀ ದೇಶದ ಲೆಕ್ಕ ಸುಮಾರು ಶೇ. 29. ಶರಣರ ನಾಡು, ದಾಸರ ನಾಡು ಅಂತ ಎದೆ ತಟ್ಟಿಕೊಳ್ಳುವ ನಮ್ಮ ರಾಜ್ಯ ಈ ಪಟ್ಟಿಯಲ್ಲಿ ಎಲ್ಲರಿಗಿಂತ ಮುಂದೆ. ಏರಿದ್ದರಲ್ಲಿ ಹೊಡೆತದ ಪಾಲೆಷ್ಟು, ಬಾಯಿಬಿಟ್ಟು ಹೇಳುವ ಧೈರ್ಯದ ಪಾಲೆಷ್ಟು ಅನ್ನೋದನ್ನು ತಿಳಿದವರು ಚರ್ಚೆ ಮಾಡಲಿ. ಹತ್ತು ಮನೆಯಲ್ಲಿ ನಾಲ್ಕು ಮನೆ ಅನ್ನೋದಂತೂ ಚರ್ಚೆಯಿಂದ ಕರಗುವ ಲೆಕ್ಕ ಅಲ್ಲ. ನಿಮ್ಮ ಕ್ರಾಸಿನಲ್ಲಿ ಎಷ್ಟು ಮನೆ ಇವೆ, ಎಣಿಸಿ ನೋಡ್ರಿ.

ಅದೇ ಸಮೀಕ್ಷೆ ಇನ್ನೊಂದು ಪ್ರಶ್ನೆಯನ್ನೂ ಕೇಳಿದೆ. ಹೇಳದೆ ಹೊರಗೆ ಹೋದರೆ, ಅಡಿಗೆ ಸರಿಯಾಗಿ ಮಾಡದಿದ್ದರೆ, ಎದುರು ಮಾತಾಡಿದರೆ, ಅತ್ತೆ ಮಾವಂದಿರಿಗೆ ಮರ್ಯಾದೆ ಕೊಡದಿದ್ದರೆ, ಇಂಥ ಏಳು ಕಾರಣಗಳಲ್ಲಿ ಯಾವುದಕ್ಕಾದರೂ ಗಂಡ ಹೆಂಡತಿಗೆ ಹೊಡೆಯೋದು ಸರಿಯೇ ಅಂತ. ಕರ್ನಾಟಕದಲ್ಲಿ ಹೆಂಗಸರಲ್ಲಿ ಸುಮಾರು ಶೇ. 77, ಗಂಡಸರಲ್ಲಿ ಸುಮಾರು ಶೇ. 82 ಮಂದಿ ‘ಒಂದಲ್ಲ ಒಂದಕ್ಕೆ ಸರಿ’ ಅಂದಿದ್ದಾರೆ. ಈಗ ಹೇಳಿ, ಏಟು ತಿಂದ ಒಬ್ಬಳು ಬಾಗಿಲು ದಾಟಿ ಬೀದಿಗೆ ಬಂದರೆ ಎದುರಿಗೆ ಸಿಗುವವರು ಯಾರು? ಹತ್ತರಲ್ಲಿ ಎಂಟು ಜನ, ‘ಸಾರಿಗೆ ಉಪ್ಪು ಜಾಸ್ತಿ ಮಾಡಿದ್ದೆಯಾ’ ಅಂತ ಮೊದಲು ಕೇಳುವವರು. ದೇಶದಲ್ಲಿ ಹೀಗೆ ಮೈಮೇಲೆ ಹಿಂಸೆ ಅನುಭವಿಸಿದವರ ಪೈಕಿ ಶೇ. 77ರಷ್ಟು ಮಂದಿ ಯಾರ ಸಹಾಯವನ್ನೂ ಕೇಳಿಲ್ಲ, ಯಾರಿಗೂ ಹೇಳಿಯೂ ಇಲ್ಲ ಅನ್ನುತ್ತೆ ಸಮೀಕ್ಷೆ. ಆಶ್ಚರ್ಯ ಪಡಬೇಕಾದ್ದು ಏನಿದೆ ಇದರಲ್ಲಿ?

ಸಹಾಯ ಕೇಳಿದ ಕೆಲವೇ ಮಂದಿಯಲ್ಲಿ ಹೆಚ್ಚಿನವರು ಹೋದದ್ದು ಎಲ್ಲಿಗೆ ಗೊತ್ತಾ? ಪೊಲೀಸರ ಹತ್ತಿರ ಅಲ್ಲ, ವಕೀಲರ ಹತ್ತಿರ ಅಲ್ಲ. ತಮ್ಮ ತವರಿನವರ ಹತ್ತಿರ. ಹಾಗಾಗಿ ಮೊದಲ ಬಾಗಿಲು ತವರಿನದ್ದೇ.

ತವರಿನ ಬಗ್ಗೆ ನಾವು ಹಾಡಿದಷ್ಟು ಹಾಡು ಇನ್ಯಾವುದರ ಬಗ್ಗೆಯೂ ಹಾಡಿಲ್ಲ. ಪಂಚಮಿ ಬಂತೆಂದರೆ ಅಣ್ಣ ಕರೆಯೋಕೆ ಬರ್ತಾನೆ. ಉಂಡಿ ಕಟ್ಟುತ್ತಾರೆ, ಜೋಕಾಲಿ ಹಾಕುತ್ತಾರೆ, ಹೋಗುವಾಗ ಉಡಿ ತುಂಬುತ್ತಾರೆ. ಎಲ್ಲ ಚೆಂದ. ಆದರೆ ಈ ಎಲ್ಲ ಚೆಂದಕ್ಕೂ ಒಂದು ಕರಾರಿದೆ: ತಿರುಗಿ ಹೋಗಬೇಕು. ಹಬ್ಬ ಇಲ್ಲದ ದಿನ, ಕರೆಯೋಕೆ ಯಾರೂ ಹೋಗದೆ, ಮಕ್ಕಳ ಕೈ ಹಿಡಿದು ಅವಳು ಬಂದು ನಿಂತರೆ ಮೊದಲು ಎಲ್ಲರ ಕಣ್ಣು ಹೋಗೋದು ಅವಳ ಬ್ಯಾಗಿನ ಮೇಲೆ. ಎಷ್ಟು ದೊಡ್ಡದು ತಂದಿದ್ದಾಳೆ? ಎರಡು ದಿನದ್ದೋ, ಹೇಗೆ? ಮೂರನೇ ದಿನ ಅವ್ವ ಹತ್ತಿರ ಕೂತು ತಲೆ ಸವರಿ, “ಎಲ್ಲರ ಮನೀದೂ ಇದೇ ಹಣೆಬರ ಕಣವ್ವಾ, ಅನುಸರ್ಸ್ಕೊಂಡು ಹೋಗು, ನಾ ಹೋಗ್ಲಿಲ್ವಾ?” ಅಂತಾಳೆ. ಅಪ್ಪ ಮಾತಾಡಲ್ಲ. ಅಣ್ಣ ‘ನಾನು ಬಂದು ಅವನ ಹತ್ರ ಮಾತಾಡ್ತೀನಿ’ ಅಂತ ಬೈಕಿನಲ್ಲಿ ವಾಪಸ್ ಬಿಟ್ಟು ಬರ್ತಾನೆ. ಅವತ್ತು ರಾತ್ರಿಯ ಏಟಿಗೆ ಹೊಸದೊಂದು ಕಾರಣ ಸೇರಿಕೊಳ್ಳುತ್ತೆ: ತವರಿಗೆ ಹೋಗಿ ಹೇಳಿ ಬಂದಳು ಅನ್ನೋದು.

ಅವ್ವ, ಅಪ್ಪ, ಅಣ್ಣ ಕಲ್ಲು ಮನಸ್ಸಿನವರು ಅಂತಲ್ಲ. ಮದುವೆ ಸಾಲ ಇನ್ನೂ ತೀರಿರಲ್ಲ. ಹಿಂದೆ ಇನ್ನೊಬ್ಬಳು ಮದುವೆಗೆ ನಿಂತಿರ್ತಾಳೆ, ಅಕ್ಕ ಮನೆಗೆ ಬಂದು ಕೂತಿದ್ದಾಳೆ ಅಂದರೆ ತಂಗಿಗೆ ಗಂಡು ಬರಲ್ಲ. ಆದರೆ ಈ ಕಾರಣಗಳ ಕೆಳಗೆ ಇನ್ನೊಂದಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳಲ್ಲ. ಅದು ಆಸ್ತಿ.

ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅನ್ನೋದು ಬರೀ ಗಾದೆ ಅಲ್ಲ ಸ್ವಾಮಿ, ಅದು ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಆಗುವ ಕಾಗದ. “ತಂಗೀ, ಜಮೀನಿನ ಮೇಲೆ ಸಾಲ ತೆಗೀಬೇಕು, ಒಂದು ಸಹಿ ಹಾಕಿ ಹೋಗವ್ವಾ” ಅಂತ ಅಣ್ಣ ಕರೀತಾನೆ. ಅವಳು ಬರ್ತಾಳೆ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕ್ತಾಳೆ, ಹೆಬ್ಬೆಟ್ಟು ಒತ್ತುತ್ತಾಳೆ. ಒಂದು ಸೀರೆ, ಅರಿಶಿನ ಕುಂಕುಮ, ಹೋಟೆಲಿನಲ್ಲಿ ಒಂದು ಬೆಣ್ಣೆದೋಸೆ. ‘ನಮ್ಮ ತಂಗಿ ಬಂಗಾರ, ಪಾಲು ಕೇಳಲಿಲ್ಲ’ ಅಂತ ಊರೆಲ್ಲ ಹೊಗಳಿಕೆ. ಪಾಲು ಕೇಳಿದವಳಿಗೆ ಮಾತ್ರ ಅವತ್ತೇ ತವರಿನ ಬಾಗಿಲು ಬಂದ್, ಪಂಚಮಿಗೂ ಕರೆ ಇಲ್ಲ.

ಕಾನೂನು ಇಲ್ಲ ಅಂತಲ್ಲ. ಕರ್ನಾಟಕ 1994ರಷ್ಟು ಹಿಂದೆಯೇ, ಇಡೀ ದೇಶಕ್ಕಿಂತ ಮೊದಲು ಕಾನೂನು ಮಾಡಿದ ಕೆಲವೇ ರಾಜ್ಯಗಳ ಜೊತೆ ನಿಂತು, ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಆಗಿನ್ನೂ ಮದುವೆಯಾಗದ ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸಮ ಪಾಲು ಕೊಟ್ಟಿತು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು ಮದುವೆಯಾದವರು, ಆಗದವರು ಅನ್ನೋ ಭೇದವೂ ಹೋಯಿತು. 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಈ ಹಕ್ಕು ಹುಟ್ಟಿನಿಂದ ಬಂದದ್ದು, 2005ರಲ್ಲಿ ಅಪ್ಪ ಬದುಕಿದ್ದನೋ ಇಲ್ಲವೋ ಅನ್ನೋದು ಮುಖ್ಯವಲ್ಲ ಅಂತ ಸ್ಪಷ್ಟ ಮಾಡಿತು. ಇಷ್ಟೆಲ್ಲ ಆದ ಮೇಲೂ ಪಹಣಿ ತೆಗೆದು ನೋಡಿ, ಎಷ್ಟು ಹೆಣ್ಣುಮಕ್ಕಳ ಹೆಸರಿದೆ ಅಂತ.

‘ಏನ್ರೀ, ಹೊಡೆತಕ್ಕೂ ಆಸ್ತಿಗೂ ಏನು ಸಂಬಂಧ?’ ಅನ್ನಬಹುದು. ಇದೆ. ಅರ್ಥಶಾಸ್ತ್ರಜ್ಞೆ ಬೀನಾ ಅಗರ್‌ವಾಲ್ ಮತ್ತು ಪ್ರದೀಪ್ ಪಂಡಾ ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ಸುಮಾರು 500 ಮದುವೆಯಾದ ಹೆಣ್ಣುಮಕ್ಕಳನ್ನು ಮಾತಾಡಿಸಿ 2005ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತಮ್ಮ ಹೆಸರಲ್ಲಿ ಜಮೀನೂ ಇಲ್ಲ, ಮನೆಯೂ ಇಲ್ಲ ಅನ್ನುವವರಲ್ಲಿ ಶೇ. 49 ಮಂದಿ ದೀರ್ಘಕಾಲ ದೈಹಿಕ ಹಿಂಸೆ ಕಂಡಿದ್ದರು. ಜಮೀನು ಇದ್ದವರಲ್ಲಿ ಅದು ಶೇ. 18. ಮನೆ ಇದ್ದವರಲ್ಲಿ ಶೇ. 10. ಎರಡೂ ಇದ್ದವರಲ್ಲಿ ಶೇ. 7. ಇನ್ನೂ ಒಂದು ಸಂಗತಿ ಅವರಿಗೆ ಕಂಡಿತು: ಹೊಡೆತ ತಾಳದೆ ಮನೆ ಬಿಟ್ಟವರಲ್ಲಿ ಆಸ್ತಿ ಇದ್ದವರ ಪಾಲು ಹೆಚ್ಚು, ಮತ್ತು ಹಾಗೆ ಬಿಟ್ಟವರಲ್ಲಿ ತಿರುಗಿ ಹೋದವರು ಕಡಿಮೆ. ಬಿಟ್ಟು ಹೋಗೋಕೆ ಜಾಗ ಇದೆ ಅಂತ ಗಂಡನಿಗೆ ಗೊತ್ತಿದ್ದರೆ ಅವನ ಕೈಯೂ ಯೋಚನೆ ಮಾಡಿ ಏಳುತ್ತೆ. ಧೈರ್ಯ ಅನ್ನೋದು ಎದೆಯಲ್ಲಿ ಹುಟ್ಟುತ್ತೆ ಅಂತ ನಾವು ಭಾಷಣ ಹೊಡೀತೀವಿ. ಅದು ಖಾತೆಯಲ್ಲೂ ಹುಟ್ಟುತ್ತೆ.

ನಮ್ಮ ಬಡಾವಣೆಗೆ ಯಾರ ಹೆಸರಿದೆಯೋ ಆ ದೇವರಾಜ ಅರಸರು 1974ರಲ್ಲಿ ಭೂಸುಧಾರಣೆ ಕಾನೂನಿಗೆ ಹಲ್ಲು ಕೊಟ್ಟು, ಉಳುವವನೇ ಹೊಲದೊಡೆಯ ಅಂತ ಗೇಣಿದಾರರಿಗೆ ಭೂಮಿ ಕೊಡಿಸಿದರು. ಬೇರೆಯವರ ನೆಲದಲ್ಲಿ ದುಡಿಯುವವನು ಎಷ್ಟೇ ಬೈಸಿಕೊಂಡರೂ ಅಲ್ಲೇ ಬಿದ್ದಿರ್ತಾನೆ, ಯಾಕೆಂದರೆ ಎದ್ದು ಹೋಗೋಕೆ ಅವನಿಗೆ ಇನ್ನೊಂದು ನೆಲ ಇಲ್ಲ ಅನ್ನೋದು ಅರಸರಿಗೆ ಅರ್ಥವಾಗಿತ್ತು. ಒಕ್ಕಲನ್ನು ಯಾರೂ ‘ಯಾಕೆ ಬಿಟ್ಟು ಹೋಗಲಿಲ್ಲ’ ಅಂತ ಹೀಯಾಳಿಸಲಿಲ್ಲ, ಅವನಿಗೆ ಭೂಮಿ ಬೇಕು ಅಂದರು. ಈಗ ಅದೇ ಹೆಸರಿನ ಬಡಾವಣೆಯಲ್ಲಿ ಒಂದು ಸುತ್ತು ಹಾಕಿ ಬನ್ನಿ. ಗೇಟಿನ ಮೇಲೆ ‘ಮಾತೃಕೃಪ’, ‘ತಾಯಿಯ ಆಶೀರ್ವಾದ’. ಮಹಾನಗರ ಪಾಲಿಕೆಯ ಖಾತೆಯಲ್ಲಿ ಯಾರ ಹೆಸರಿದೆ, ನಿಮ್ಮ ಮನೆಯದ್ದನ್ನೇ ತೆಗೆದು ನೋಡಿ. ಮೂವತ್ತು ವರ್ಷ ಆ ಮನೆಯಲ್ಲಿ ದುಡಿದವಳು ಇವತ್ತಿಗೂ ಗೇಣಿದಾರಳೇ.

ಸರಿ, ತವರು ಬೇಡ, ಬಾಡಿಗೆ ಮನೆ ಮಾಡಿಕೊಂಡು ಇರಲಿ ಅಂತೀರಿ. ಲೆಕ್ಕ ಹಾಕೋಣ. ಎರಡು ರೂಮಿನ ಮನೆಗೆ ತಿಂಗಳಿಗೆ ಐದು ಸಾವಿರ ಅಂತ ಇಟ್ಕೊಳ್ಳಿ. ಅಡ್ವಾನ್ಸು ಅದರ ಹತ್ತರಷ್ಟು ಕೇಳುತ್ತಾರೆ. ಗ್ಯಾಸು, ರೇಷನ್ನು, ಎರಡು ಮಕ್ಕಳ ಫೀಸು, ಆಟೋ. ಅಂಗಡಿಯಲ್ಲಿ, ನರ್ಸಿಂಗ್ ಹೋಮಿನಲ್ಲಿ, ಗಾರ್ಮೆಂಟ್ಸಿನಲ್ಲಿ ಹೊಸದಾಗಿ ಸೇರಿದವಳ ಕೈಗೆ ಎಷ್ಟು ಬರುತ್ತೆ ಅನ್ನೋದು ನಿಮಗೂ ಗೊತ್ತು. ‘ಸರ್ಕಾರ ಗೃಹಲಕ್ಷ್ಮಿ ದುಡ್ಡು ಕೊಡ್ತಿಲ್ವಾ’ ಅನ್ನುವವರೂ ಇದ್ದಾರೆ. 2023ರ ಆಗಸ್ಟ್‌ನಿಂದ ತಿಂಗಳಿಗೆ 2000 ರೂಪಾಯಿ, ನಿಜ. ಅದು ಎಷ್ಟೋ ಹೆಂಗಸರ ಉಸಿರು, ಅದನ್ನು ಹಗುರ ಮಾಡಲ್ಲ. ಆದರೆ ಅದು ಬರೋದು ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಅಂತ ಯಾರ ಹೆಸರಿದೆಯೋ ಅವರಿಗೆ. ಕೂಡು ಕುಟುಂಬದಲ್ಲಿ ಅದು ಅತ್ತೆ. ಹೊಡೆತ ತಿನ್ನುವ ಸೊಸೆಯ ಹೆಸರು ಅದೇ ಕಾರ್ಡಿನಲ್ಲಿ ಕೆಳಗೆಲ್ಲೋ ಇರುತ್ತೆ. ಬಿಟ್ಟು ಬಂದವಳು ತನಗೊಂದು ಬೇರೆ ಕಾರ್ಡು ಮಾಡಿಸಬೇಕು, ಅದಕ್ಕೆ ಹಳೇ ಕಾರ್ಡಿನಿಂದ ಹೆಸರು ತೆಗೆಸಬೇಕು, ಆ ಕಾರ್ಡು ಅವನ ಬೀರುವಿನಲ್ಲಿರುತ್ತೆ. ಆಧಾರ್, ಮಾರ್ಕ್ಸ್ ಕಾರ್ಡು, ಮಕ್ಕಳ ಜನ್ಮ ಪ್ರಮಾಣಪತ್ರ, ಎಲ್ಲ ಅಲ್ಲೇ. ಬಸ್ಸು ಫ್ರೀ ಇದೆ. ಇಳಿಯೋ ಸ್ಟಾಪು ಇಲ್ಲ.

‘ಕೆಲಸದಲ್ಲಿರೋರು, ಕೈತುಂಬ ಸಂಬಳ ತರೋರೂ ಏಟು ತಿಂದುಕೊಂಡೇ ಇರ್ತಾರಲ್ಲ, ಅವರಿಗೇನು ಧಾಡಿ?’ ನ್ಯಾಯವಾದ ಪ್ರಶ್ನೆ. ಮೊದಲನೆಯದು, ಸಂಬಳ ತರೋದು ಬೇರೆ, ಸಂಬಳ ಅವಳ ಕೈಯಲ್ಲಿರೋದು ಬೇರೆ. ಎಟಿಎಂ ಕಾರ್ಡು ಗಂಡನ ಜೇಬಿನಲ್ಲಿ, ಒಟಿಪಿ ಬರೋ ನಂಬರು ಗಂಡನದು, ಅವಳ ಹೆಸರಲ್ಲಿ ತೆಗೆದ ಸಾಲದ ಕಂತು ಮಾತ್ರ ಅವಳದು. ಎರಡನೆಯದು, ಕೆಲಸಕ್ಕೆ ಹೋಗುವವಳಿಗೆ ಕಳೆದುಕೊಳ್ಳೋಕೆ ಮರ್ಯಾದೆ ಅನ್ನೋ ಇನ್ನೊಂದು ಗಂಟಿದೆ. ಸ್ಟಾಫ್ ರೂಮಿನಲ್ಲಿ ಗೊತ್ತಾಗಬಾರದು, ಮಕ್ಕಳ ಪಿಟಿಎ ಮೀಟಿಂಗಿನಲ್ಲಿ ಗೊತ್ತಾಗಬಾರದು. ಒಬ್ಬಳೇ ಹೆಂಗಸು ಅಂದರೆ ಮನೆ ಬಾಡಿಗೆಗೆ ಕೊಡದ ಓನರುಗಳು ಅವಳಿಗೂ ಅವರೇ, ಗಾರ್ಮೆಂಟ್ಸಿನವಳಿಗೂ ಅವರೇ. ‘ಯಜಮಾನ್ರು ಎಲ್ಲಿದಾರೆ?’ ಅನ್ನೋದು ಮೊದಲ ಪ್ರಶ್ನೆ.

ನಮ್ಮ ಮಾತನ್ನೇ ಗಮನಿಸಿ. ಕನ್ನಡದಲ್ಲಿ ‘ಗಂಡ ಬಿಟ್ಟವಳು’ ಅನ್ನೋ ಮಾತಿದೆ. ಗಂಡನೇ ಇವಳನ್ನ ಬಿಟ್ಟನೋ, ಇವಳೇ ಗಂಡನ್ನ ಬಿಟ್ಟಳೋ ಅನ್ನೋದು ಆ ಮಾತಿನಲ್ಲಿ ಗೊತ್ತೇ ಆಗಲ್ಲ. ಗೊತ್ತಾಗಬೇಕಾದ ಅಗತ್ಯ ಯಾರಿಗೂ ಕಾಣಲಿಲ್ಲ, ಎರಡೂ ಒಂದೇ ಬೈಗುಳ. ಹೆಂಡತಿಗೆ ಹೊಡೆಯುವವನಿಗೆ ಹೀಗೆ ಜೀವನಪೂರ್ತಿ ಅಂಟಿಕೊಳ್ಳುವ ಒಂದು ಹೆಸರು ಹುಡುಕಿ ಕೊಡಿ ನೋಡೋಣ. ಇಲ್ಲ. ಅವನು ಮುಂಗೋಪಿ, ಅಷ್ಟೇ. ‘ಮನಸ್ಸು ಬೆಣ್ಣೆ, ಸಿಟ್ಟು ಬಂದಾಗ ಮಾತ್ರ.’

ಇನ್ನು ಭಯ. ಹೆಂಗಸರ ಸಹಾಯಕ್ಕೆ ನಿಂತವರು ಯಾವ ದೇಶದಲ್ಲೇ ಕೆಲಸ ಮಾಡಲಿ, ಒಂದು ಮಾತು ತಪ್ಪದೆ ಹೇಳ್ತಾರೆ: ಬಿಟ್ಟು ಹೊರಡುವ ಹೊತ್ತೇ ಅತ್ಯಂತ ಅಪಾಯದ ಹೊತ್ತು. ಅದುವರೆಗೂ ಕೆನ್ನೆಗೆ ಬೀಳುತ್ತಿದ್ದ ಏಟು, ಕೈತಪ್ಪಿ ಹೋಗ್ತಾಳೆ ಅಂತ ಗೊತ್ತಾದಾಗ ಕುತ್ತಿಗೆಗೆ ಬರುತ್ತೆ. 1990ರ ದಶಕದಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆಯವರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋಗಿ, ‘ಸ್ಟೌ ಸಿಡಿದು ಗೃಹಿಣಿ ಸಾವು’ ಅಂತ ಪತ್ರಿಕೆಯ ಮೂಲೆಯಲ್ಲಿ ಎರಡು ಸಾಲಿನಲ್ಲಿ ಮುಗಿದುಹೋಗುತ್ತಿದ್ದ ಸುದ್ದಿಗಳ ಹಿಂದೆ ಏನಿದೆ ಅಂತ ಹುಡುಕಿದರು. ಅತ್ತೆಗೆ ಸಿಡಿಯದ, ಗಂಡನಿಗೆ ಸಿಡಿಯದ ಸ್ಟೌ ಸೊಸೆಗೇ ಯಾಕೆ ಸಿಡಿಯುತ್ತೆ ಅನ್ನೋ ಸರಳ ಪ್ರಶ್ನೆಯನ್ನು ನಾವೆಲ್ಲ ಕೇಳಬೇಕಾಗಿತ್ತು, ಕೇಳಿದವರು ಕೆಲವೇ ಹೆಣ್ಣುಮಕ್ಕಳು. ಒಳಗಿರುವವಳಿಗೆ ಇದೆಲ್ಲ ಗೊತ್ತು. ಅವಳು ದಡ್ಡಿ ಅಲ್ಲ. ಇವತ್ತು ಯಾವ ಹೆಜ್ಜೆ ಇಟ್ಟರೆ ನಾಳೆ ಬೆಳಿಗ್ಗೆ ಮಕ್ಕಳ ಟಿಫನ್ ಡಬ್ಬಿ ಕಟ್ಟೋಕೆ ತಾನಿರ್ತೀನಿ ಅನ್ನೋ ಲೆಕ್ಕವನ್ನು ಅವಳಷ್ಟು ಚೆನ್ನಾಗಿ ಯಾರೂ ಮಾಡಲ್ಲ. ಹೊರಗಿನಿಂದ ನಮಗೆ ಹೇಡಿತನ ಅಂತ ಕಾಣೋದು ಎಷ್ಟೋ ಸಲ ಅವಳ ಲೆಕ್ಕಾಚಾರ.

ಜೊತೆಗೆ ಅವನು ದಿನವೂ ಕೆಟ್ಟವನಲ್ಲ. ಹೊಡೆದ ಮರುದಿನ ಮಲ್ಲಿಗೆ ತರ್ತಾನೆ, ಅಳ್ತಾನೆ, ಮಕ್ಕಳ ತಲೆ ಮುಟ್ಟಿ ಆಣೆ ಮಾಡ್ತಾನೆ. ಅವಳು ಆ ಮರುದಿನದವನಿಗೋಸ್ಕರ ಕಾಯ್ತಾಳೆ. ಇದನ್ನು ಹುಚ್ಚು ಅನ್ನಬೇಡಿ. ನಂಬಿದವರು ಒಳ್ಳೆಯವರಾಗಲಿ ಅಂತ ಕಾಯೋದು ಮನುಷ್ಯರ ಗುಣ. ಆ ಗುಣವನ್ನೇ ಹಗ್ಗ ಮಾಡಿಕೊಂಡು ಕಟ್ಟಿಹಾಕಿದವನು ಯಾರು ಅಂತ ಕೇಳಿ.

ಈಗ ಠಾಣೆ, ಕೋರ್ಟು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅನ್ನೋ ಗಾದೆಯನ್ನ ಕಾನೂನಿನ ಕಲಂ ಅಂತಲೇ ನಂಬಿದ ಪೊಲೀಸರು ಇವತ್ತಿಗೂ ಕಮ್ಮಿ ಏನಿಲ್ಲ. ಇಬ್ಬರನ್ನೂ ಕರೆಸ್ತಾರೆ, ಹಿರಿಯರು ಅಂತ ನಾಲ್ಕು ಜನ ಬರ್ತಾರೆ, ಅವನ ಕೈಲಿ ‘ಇನ್ನು ಮುಂದೆ ಚೆನ್ನಾಗಿ ನೋಡ್ಕೊಳ್ತೀನಿ’ ಅಂತ ಮುಚ್ಚಳಿಕೆ ಬರೆಸಿಕೊಂಡು ಅವಳನ್ನ ಅವನ ಜೊತೆಗೇ ಕಳಿಸ್ತಾರೆ. ಹೆಸರೇ ಸರಿಯಾಗಿದೆ, ಅದರಿಂದ ಆಗೋದು ಎಲ್ಲವನ್ನೂ ಮುಚ್ಚಿಹಾಕೋ ಕೆಲಸವೇ. ನ್ಯಾಯಾಲಯದ ಮಾತೂ ಬೇರೆ ಇರಲಿಲ್ಲ. 2012ರಲ್ಲಿ ಹೊಡೆತದ ಕಾರಣಕ್ಕೆ ವಿಚ್ಛೇದನ ಬೇಕೆಂದು ಬಂದಿದ್ದ ಒಬ್ಬ ತಾಯಿಗೆ ನಮ್ಮ ಹೈಕೋರ್ಟಿನ ನ್ಯಾ. ಕೆ. ಭಕ್ತವತ್ಸಲ ಅವರು ತುಂಬಿದ ಕೋರ್ಟಿನಲ್ಲೇ, ಎಲ್ಲ ಮದುವೆಯಲ್ಲೂ ಹೆಂಗಸರಿಗೆ ಕಷ್ಟ ಇದ್ದದ್ದೇ, ಗಂಡನ ವ್ಯಾಪಾರ ಚೆನ್ನಾಗಿದೆ, ನೋಡಿಕೊಳ್ಳುತ್ತಾನೆ, ಹೊಡೆತದ ವಿಷಯ ಇನ್ನೂ ಯಾಕೆ ಎತ್ತುತ್ತೀರಿ ಅನ್ನೋ ಅರ್ಥದ ಮಾತಾಡಿದ್ದು ದೇಶದ ಪತ್ರಿಕೆಗಳಲ್ಲೆಲ್ಲ ವರದಿಯಾಯಿತು, ದೊಡ್ಡ ಪ್ರತಿಭಟನೆಯೂ ಆಯಿತು. ಹತ್ತು ವರ್ಷದ ಮೇಲೆ, 2022ರ ಮಾರ್ಚ್‌ನಲ್ಲಿ, ಅದೇ ಹೈಕೋರ್ಟಿನಲ್ಲಿ ನ್ಯಾ. ಎಂ. ನಾಗಪ್ರಸನ್ನ ಅವರು ಹೆಂಡತಿಯ ಮೇಲಿನ ಅತ್ಯಾಚಾರದ ಆರೋಪದಿಂದ ಗಂಡ ಅನ್ನೋ ಒಂದೇ ಕಾರಣಕ್ಕೆ ಯಾರೂ ತಪ್ಪಿಸಿಕೊಳ್ಳಲಾಗದು ಅಂದರು. ಆ ವಿಚಾರಣೆಗೆ ಸುಪ್ರೀಂ ಕೋರ್ಟಿನ ತಡೆ ಬಿತ್ತು, ಅದು ಬೇರೆ ಮಾತು. ಈ ಎರಡು ಮಾತಿನ ನಡುವೆ ಎಷ್ಟು ಹೆಂಗಸರು ಅನುಸರ್ಸ್ಕೊಂಡು ಹೋದರೋ ಲೆಕ್ಕ ಇಟ್ಟವರಿಲ್ಲ.

‘498ಎ ದುರುಪಯೋಗ ಆಗ್ತಿದೆ, ಪಾಪ ಗಂಡಸರು’ ಅನ್ನೋ ಮಾತು ಇಷ್ಟು ಹೊತ್ತಿಗೆ ನಿಮ್ಮ ಬಾಯಿ ತುದಿಗೆ ಬಂದಿರುತ್ತೆ. ಹಿಂದೆ 498ಎ ಅಂತಿದ್ದದ್ದು 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ ಆಗಿದೆ. ಸುಳ್ಳು ಕೇಸು ಇಲ್ಲವೇ ಇಲ್ಲ ಅಂತ ನಾನು ಹೇಳಲ್ಲ. ಅದಕ್ಕೆ ಅಂತಲೇ 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ದೂರು ಬಂದ ತಕ್ಷಣ ಕಣ್ಣು ಮುಚ್ಚಿ ಬಂಧಿಸಬೇಡಿ ಅಂತ ಪೊಲೀಸರಿಗೆ ಕಟ್ಟಪ್ಪಣೆ ಮಾಡಿದೆ. ಗಂಡಸರಿಗೆ ರಕ್ಷಣೆ ಸಿಕ್ಕಾಯಿತಲ್ಲ? ಸುಳ್ಳು ಚೆಕ್ ಬೌನ್ಸ್ ಕೇಸೂ ಹಾಕ್ತಾರೆ, ಸುಳ್ಳು ಜಮೀನು ದಾವೆಯೂ ಹೂಡ್ತಾರೆ, ಅವನ್ನೆಲ್ಲ ರದ್ದು ಮಾಡಿ ಅಂತ ಯಾರೂ ಕಟ್ಟೆ ಮೇಲೆ ಕೂತು ಕೂಗಲ್ಲ. ಹತ್ತರಲ್ಲಿ ನಾಲ್ಕು ಮನೆಯ ಹೊಡೆತ ನಮಗೆ ಅಪವಾದ, ಎಲ್ಲೋ ಕೇಳಿದ ಒಂದು ಸುಳ್ಳು ಕೇಸು ನಿಯಮ. ಇದ್ಯಾವ ನ್ಯಾಯ?

ಇನ್ನು ನಿಜವಾಗಿ ಓದಬೇಕಾದ ಕಾನೂನು ಬೇರೆಯೇ ಇದೆ. 2005ರಲ್ಲಿ ಬಂದು 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ. ಮೈಮೇಲೆ ಬಾಸುಂಡೆ ಇರಲೇಬೇಕು ಅಂತಿಲ್ಲ. ಬೈಗುಳ, ಖರ್ಚಿಗೆ ಕೊಡದಿರೋದು, ಅವಳ ಒಡವೆ ಮಾರೋದು, ಇವೂ ಅದರಲ್ಲಿ ಹಿಂಸೆಯೇ. ಮ್ಯಾಜಿಸ್ಟ್ರೇಟರು ತುರ್ತಿದ್ದರೆ ಎದುರು ಪಕ್ಷದವರು ಬರುವ ಮೊದಲೇ ಮಧ್ಯಂತರ ಆದೇಶ ಕೊಡಬಹುದು. ಅರ್ಜಿಯನ್ನು 60 ದಿನದೊಳಗೆ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆಯಲ್ಲೇ ಬರೆದಿದೆ. ರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಜೈಲು ಅಥವಾ 20 ಸಾವಿರದವರೆಗೆ ದಂಡ, ಇಲ್ಲವೇ ಎರಡೂ.

ಎಲ್ಲಕ್ಕಿಂತ ಮುಖ್ಯವಾದದ್ದು ಅದರ 17 ಮತ್ತು 19ನೇ ಕಲಂ. ಮನೆ ಯಾರ ಹೆಸರಲ್ಲೇ ಇರಲಿ, ಸಂಸಾರ ಮಾಡಿದ ಮನೆಯಲ್ಲಿ ವಾಸ ಮಾಡುವ ಹಕ್ಕು ಅವಳಿಗಿದೆ. ಆ ಮನೆ ಮಾವನ ಹೆಸರಿನಲ್ಲಿದೆ ಅಂತ ಹೇಳಿ ಹೊರಗೆ ಹಾಕೋ ಆಟಕ್ಕೂ 2020ರ ಅಕ್ಟೋಬರ್‌ನಲ್ಲಿ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತಡೆ ಹಾಕಿತು. ಅಷ್ಟೇ ಅಲ್ಲ, ಹಿಂಸೆ ಕೊಡುವ ಗಂಡನೇ ಮನೆಯಿಂದ ಹೊರಗೆ ಹೋಗಬೇಕು ಅಂತ ಆದೇಶ ಮಾಡುವ ಅಧಿಕಾರವೂ ಮ್ಯಾಜಿಸ್ಟ್ರೇಟರಿಗಿದೆ. ಓದಿದಿರಾ? ಅವಳು ಬಿಟ್ಟು ಬರಬೇಕು ಅಂತ ಕಾನೂನೇ ಹೇಳಿಲ್ಲ. ಕೈ ಎತ್ತಿದವನು ಬ್ಯಾಗು ಹಿಡಿದು ಹೊರಡಲಿ, ಅವಳು, ಮಕ್ಕಳು ತಮ್ಮ ಮನೆಯಲ್ಲಿ ತಾವಿರಲಿ. ಹದಿನೆಂಟು ವರ್ಷಕ್ಕೂ ಹಳೆಯ ಕಾನೂನು ಇದು, ನಮ್ಮ ಕಟ್ಟೆ ಪಂಚಾಯ್ತಿಗೆ ಇನ್ನೂ ತಲುಪಿಲ್ಲ.

ತಲುಪದಿರೋಕೆ ಸರ್ಕಾರವೂ ಕಾರಣ. ಕಾಯ್ದೆಯ ಪ್ರಕಾರ ಅವಳ ಕೈ ಹಿಡಿದು ಕೋರ್ಟಿನವರೆಗೆ ಕರೆದೊಯ್ಯಬೇಕಾದವರು ಸಂರಕ್ಷಣಾಧಿಕಾರಿ. ಕರ್ನಾಟಕದಲ್ಲಿ ಆ ಹೊಣೆಯನ್ನು ಹಾಕಿದ್ದು ಸಿಡಿಪಿಒ ಅಂತ ಕರೆಯುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ತಲೆಯ ಮೇಲೆ. ತಾಲ್ಲೂಕಿನ ಅಂಗನವಾಡಿಗಳೆಲ್ಲ ಅವರವೇ. ಮೊಟ್ಟೆ, ಪೌಷ್ಟಿಕ ಆಹಾರ, ಕಾರ್ಯಕರ್ತೆಯರ ಗೌರವಧನ, ಇದರ ನಡುವೆ ಏಟು ತಿಂದವಳ ಫೈಲು. ಆ ಅಧಿಕಾರಿಗಳನ್ನು ಬೈದು ಪ್ರಯೋಜನ ಇಲ್ಲ. ಈ ಕೆಲಸಕ್ಕೆ ಅಂತಲೇ ಒಬ್ಬ ಪೂರ್ಣಾವಧಿ ಅಧಿಕಾರಿ ಪ್ರತಿ ತಾಲ್ಲೂಕಿಗೂ ಬೇಕು ಅಂತ ಕೇಳಬೇಕಾದ್ದು ನಾವು. ಓಟು ಕೇಳೋಕೆ ಬಂದವರ ಹತ್ತಿರ ಚರಂಡಿ, ರಸ್ತೆ ಕೇಳ್ತೀವಲ್ಲ, ಇದನ್ನೂ ಕೇಳೋಣ.

ಉಡುತಡಿ ನಮಗೇನು ದೂರವಲ್ಲ, ಪಕ್ಕದ ಶಿವಮೊಗ್ಗ ಜಿಲ್ಲೆ. ಅಲ್ಲಿಯ ಮಹಾದೇವಿ ಹರಿಹರನ ರಗಳೆಯ ಪ್ರಕಾರ ಕರಾರು ಹಾಕಿ ಕೌಶಿಕನ ಕೈಹಿಡಿದಳು, ಅವನು ಕರಾರು ಮುರಿದ ಮೇಲೆ ಅರಮನೆ ಬಿಟ್ಟು ಹೊರಟಳು. ಗಂಡ ಬಿಟ್ಟವಳೇ ಅವಳೂ. ನಾವು ಅವಳ ಫೋಟೋಗೆ ಹೂ ಹಾಕ್ತೀವಿ, ಊರೂರಿಗೂ ಅಕ್ಕನ ಬಳಗ ಕಟ್ತೀವಿ, ಜಯಂತಿ ಮಾಡ್ತೀವಿ. ಆಮೇಲೆ ಮನೆಗೆ ಬಂದು ಮಗಳಿಗೆ ಫೋನು ಮಾಡಿ ‘ಅನುಸರ್ಸ್ಕೊಂಡು ಹೋಗವ್ವ’ ಅಂತೀವಿ. ಅಕ್ಕನ ಧೈರ್ಯವನ್ನು ಎಲ್ಲರೂ ಹೊಗಳ್ತಾರೆ. ಅಕ್ಕನಿಗೆ ಹೋಗೋಕೆ ಕಲ್ಯಾಣ ಅಂತ ಒಂದು ಊರಿತ್ತು ಅನ್ನೋದನ್ನು ಮರೀತಾರೆ. ಅಲ್ಲಿ ಅಲ್ಲಮ ಪ್ರಶ್ನೆ ಕೇಳಿದ, ಕಠಿಣವಾಗಿಯೇ ಕೇಳಿದ. ಆದರೆ ವಾಪಸ್ ಅರಮನೆಗೆ ಹೋಗು ಅನ್ನಲಿಲ್ಲ. ಶರಣರು ಅವಳನ್ನು ಅಕ್ಕಾ ಅಂತ ಕರೆದು ಜಾಗ ಕೊಟ್ಟರು. ಧೈರ್ಯ ಅವಳದು, ಜಾಗ ಅವರದು. ಎರಡೂ ಬೇಕು.

ಹಾಗಾಗಿ ಈ ಬಡಾವಣೆಯ ಅಪ್ಪಂದಿರೇ, ಮಗಳ ಮದುವೆಗೆ ಕಲ್ಯಾಣ ಮಂಟಪ ಬುಕ್ ಮಾಡುವ ಮೊದಲು ಅವಳ ಹೆಸರಿಗೆ ಏನಾದರೂ ಬರೆಯಿರಿ. ಅಳಿಯನಿಗೆ ಕಾರು ಕೊಡೋದು 1961ರಿಂದಲೂ ಅಪರಾಧ, ಮಗಳಿಗೆ ಪಾಲು ಕೊಡೋದು ಅವಳ ಹಕ್ಕು. ಅಣ್ಣಂದಿರೇ, ಹಕ್ಕು ಬಿಡುಗಡೆ ಪತ್ರ ಹಿಡಿದು ತಂಗಿಯ ಮನೆಗೆ ಹೋಗಬೇಡಿ. ಅವ್ವಂದಿರೇ, ನೀವು ಅನುಸರಿಸಿಕೊಂಡು ಹೋದಿರಿ ಅನ್ನೋದು ನಿಮ್ಮ ಮಗಳೂ ಹೋಗಬೇಕು ಅನ್ನೋದಕ್ಕೆ ಕಾರಣ ಆಗಬಾರದು. ಮನೆ ಓನರುಗಳೇ, ಬಾಡಿಗೆ ಕಟ್ಟೋ ಶಕ್ತಿ ಇದೆಯಾ ಅಂತ ಕೇಳಿ ಸಾಕು, ಯಜಮಾನರು ಎಲ್ಲಿ ಅಂತ ಬೇಡ.

ಪಕ್ಕದ ಮನೆಯವರೇ, ಗೋಡೆಯಾಚೆ ಸದ್ದಾದಾಗ ಟಿವಿ ವಾಲ್ಯೂಮ್ ಜಾಸ್ತಿ ಮಾಡಬೇಡಿ. 2008ರಲ್ಲಿ ಬ್ರೇಕ್‌ಥ್ರೂ ಸಂಸ್ಥೆ ‘ಬೆಲ್ ಬಜಾವೋ’ ಅಂತ ಒಂದು ಆಂದೋಲನ ಮಾಡಿತ್ತು. ಟಿವಿಯಲ್ಲಿ ಬರುತ್ತಿತ್ತು, ನೆನಪಿರಬಹುದು. ಒಳಗೆ ಹೊಡೆತದ ಸದ್ದು, ನೆರೆಯವರು ಹೋಗಿ ಕಾಲಿಂಗ್ ಬೆಲ್ ಒತ್ತುತ್ತಾರೆ, ಏನೋ ಒಂದು ನೆಪ ಹೇಳ್ತಾರೆ, ಅಷ್ಟೇ. ಸಕ್ಕರೆ ಕೇಳಿ, ಕರೆಂಟ್ ಇದೆಯಾ ಅಂತ ಕೇಳಿ. ನೋಡುವವರು ಇದ್ದಾರೆ ಅಂತ ಅವನಿಗೆ ಗೊತ್ತಾಗಲಿ, ಕೇಳುವವರು ಇದ್ದಾರೆ ಅಂತ ಅವಳಿಗೆ ಗೊತ್ತಾಗಲಿ. ಜೀವಕ್ಕೆ ಅಪಾಯ ಅನ್ನಿಸಿದರೆ ಪೊಲೀಸರ 112 ಇದೆ, ಮಹಿಳಾ ಸಹಾಯವಾಣಿ 181 ಇದೆ. ಆಶ್ರಯ, ವೈದ್ಯರು, ವಕೀಲರ ನೆರವಿಗೆ ‘ಸಖಿ’ ಒನ್ ಸ್ಟಾಪ್ ಸೆಂಟರ್ ಅನ್ನೋ ವ್ಯವಸ್ಥೆ ಇದೆ. ಇವನ್ನೆಲ್ಲ ಅವಳಿಗೆ ವಾಟ್ಸಾಪ್ ಮಾಡಬೇಡಿ, ಅವಳ ಫೋನು ಅವನ ಕೈಯಲ್ಲಿರುತ್ತೆ. ಒಬ್ಬಳೇ ಸಿಕ್ಕಾಗ ಬಾಯಲ್ಲಿ ಹೇಳಿ. ಅವಳ ಕಾಗದ ಪತ್ರದ ಒಂದೊಂದು ಜೆರಾಕ್ಸು ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಿ. ಹೇಳಿದ ತಕ್ಷಣ ಅವಳು ಹೊರಡಲ್ಲ. ಹೊರಟವಳೂ ತಿರುಗಿ ಹೋಗಬಹುದು, ಒಂದಲ್ಲ ಮೂರು ಸಲ. ಸಿಟ್ಟು ಮಾಡಿಕೊಂಡು ‘ನಿನ್ನ ಹಣೆಬರ’ ಅನ್ನಬೇಡಿ. ನಾಲ್ಕನೇ ಸಲ ಬಂದಾಗಲೂ ಬಾಗಿಲು ತೆಗೆಯಿರಿ.

ಇಷ್ಟೂ ಮಾಡಿದ ಮೇಲೆ, ತವರು ತೆರೆದ ಮೇಲೆ, ಮನೆ ಸಿಕ್ಕ ಮೇಲೆ, ಠಾಣೆಯಲ್ಲಿ ಕುರ್ಚಿ ಕೊಟ್ಟ ಮೇಲೆ, ಇನ್ನೂ ಯಾರಾದರೂ ಅಲ್ಲೇ ಉಳಿದರೆ ಆಗ ಕೇಳೋಣ ‘ಯಾಕೆ ಬಿಟ್ಟು ಬರಲಿಲ್ಲ’ ಅಂತ. ಅಲ್ಲಿಯವರೆಗೆ ಆ ಪ್ರಶ್ನೆ ಕೇಳುವ ಅಧಿಕಾರ ನಮಗಿಲ್ಲ. ಕೇಳಲೇಬೇಕು ಅನ್ನಿಸಿದರೆ ಅವನನ್ನು ಕೇಳಿ. ವಾಕಿಂಗಿಗೆ ನಿಮ್ಮ ಜೊತೆಯೇ ಬರ್ತಾನಲ್ಲ.